ಇಳಿಜಾರು ಮತ್ತು ರೇಖಾತ್ಮಕ ಸಮೀಕರಣಗಳ ಬೋಧನೆ

ಇಳಿಜಾರು ಮತ್ತು ರೇಖಾತ್ಮಕ ಸಮೀಕರಣಗಳ ಬೋಧನೆಯು ಪ್ರೌಢಶಾಲಾ ಬೀಜಗಣಿತದ ಒಂದು ಮುಖ್ಯ ಭಾಗವಾಗಿದೆ. ಎರಡು ಪರಿಮಾಣಗಳಲ್ಲಿ ಒಂದು ಬದಲಾದಂತೆ ಮತ್ತೊಂದು ಒಂದೇ ದರದಲ್ಲಿ ಬದಲಾಗುವ ಸಂಬಂಧವನ್ನು ರೇಖಾತ್ಮಕ ಸಂಬಂಧ ಎನ್ನುತ್ತಾರೆ. ಆ ದರವನ್ನು ಸೂಚಿಸುವ ಸಂಖ್ಯೆಯೇ ಇಳಿಜಾರು. ಇದೇ ಸಂಖ್ಯೆಯು ಕೋಷ್ಟಕದಲ್ಲಿ ಸಮನಾದ ಹೆಚ್ಚಳವಾಗಿ, ನಕ್ಷೆಯಲ್ಲಿ ಸರಳರೇಖೆಯ ಓರೆಯಾಗಿ, ಸಮೀಕರಣದಲ್ಲಿ ಚರಾಕ್ಷರದ ಸಹಗುಣಕವಾಗಿ ಕಾಣಿಸಿಕೊಳ್ಳುತ್ತದೆ. ಈ ಮೂರೂ ಒಂದೇ ಸಂಖ್ಯೆ ಎಂಬುದನ್ನು ವಿದ್ಯಾರ್ಥಿಗೆ ಮನಗಾಣಿಸುವುದು ಈ ಬೋಧನೆಯ ಮುಖ್ಯ ಗುರಿಯಾಗಿದೆ.

ಈ ಲೇಖನವು ಪರಿಕಲ್ಪನೆಗಳನ್ನೂ ಬೋಧನಾ ಕ್ರಮವನ್ನೂ ಬಾಗಲಕೋಟೆ ಜಿಲ್ಲೆಯ ಚಿಕ್ಕಪಡಸಲಗಿ ಗ್ರಾಮ ಹಾಗೂ ಅದರ ಸುತ್ತಲಿನ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಉದಾಹರಣೆಗಳೊಂದಿಗೆ ವಿವರಿಸುತ್ತದೆ. ನದಿ, ಬ್ಯಾರೇಜು, ಕಬ್ಬು ಮತ್ತು ನೇಕಾರಿಕೆಗಳಿಂದ ಕೂಡಿದ ಈ ಪ್ರದೇಶದಲ್ಲಿ ರೇಖಾತ್ಮಕ ಸಂಬಂಧಗಳು ನಿತ್ಯ ವ್ಯವಹಾರದಲ್ಲೇ ದೊರೆಯುತ್ತವೆ.

ಪರಿಭಾಷೆ

ಕನ್ನಡ ಪಠ್ಯಪುಸ್ತಕಗಳಲ್ಲಿ ಬೆಲೆ ಬದಲಾಗಬಲ್ಲ ಅಕ್ಷರವನ್ನು ಚರಾಕ್ಷರ, ಬದಲಾಗದ ಸಂಖ್ಯೆಯನ್ನು ಸ್ಥಿರಾಂಕ, ಚರಾಕ್ಷರಕ್ಕೆ ಗುಣಿಸಿರುವ ಸಂಖ್ಯೆಯನ್ನು ಸಹಗುಣಕ ಎಂದು ಕರೆಯಲಾಗುತ್ತದೆ. ಚರಾಕ್ಷರಗಳ ಗರಿಷ್ಠ ಘಾತ 1 ಆಗಿರುವ ಸಮೀಕರಣವು ರೇಖಾತ್ಮಕ ಸಮೀಕರಣವಾಗಿದೆ. ಇದನ್ನು ರೇಖೀಯ ಸಮೀಕರಣ ಎಂದೂ ಹೇಳುವುದುಂಟು.

ಪಠ್ಯಪುಸ್ತಕಗಳು ಅಡ್ಡ ಅಕ್ಷಕ್ಕೆ ಎಕ್ಸ್, ಲಂಬ ಅಕ್ಷಕ್ಕೆ ವೈ, ಇಳಿಜಾರಿಗೆ ಎಮ್, ಅಂತಃಛೇದಕ್ಕೆ ಸಿ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುತ್ತವೆ. ಈ ಲೇಖನದಲ್ಲಿ ಅವುಗಳ ಬದಲಿಗೆ ಕ್ರಮವಾಗಿ ಕ್ಷ, ಯ, ಮ, ಸ ಎಂಬ ಕನ್ನಡ ಅಕ್ಷರಗಳನ್ನು ಬಳಸಲಾಗಿದೆ.

‘ಇಳಿಜಾರು’ ಎಂಬ ಪದದಿಂದ ಕನ್ನಡ ವಿದ್ಯಾರ್ಥಿಗಳಿಗೆ ಒಂದು ವಿಶಿಷ್ಟ ತೊಡಕು ಉಂಟಾಗಬಹುದು. ಆಡುಮಾತಿನಲ್ಲಿ ಇಳಿಜಾರು ಎಂದರೆ ಕೆಳಗೆ ಇಳಿಯುವ ನೆಲ. ಗಣಿತದಲ್ಲಾದರೋ ಎಡದಿಂದ ಬಲಕ್ಕೆ ಮೇಲೇರುವ ರೇಖೆಯ ಇಳಿಜಾರು ಧನಾತ್ಮಕ, ಕೆಳಗಿಳಿಯುವ ರೇಖೆಯ ಇಳಿಜಾರು ಋಣಾತ್ಮಕ. ಆದ್ದರಿಂದ ಪಾಠದ ಆರಂಭದಲ್ಲಿಯೇ ‘ಏರು’ ಮತ್ತು ‘ಇಳಿತ’ ಎರಡನ್ನೂ ಒಂದೇ ಸಂಖ್ಯೆಯು ಚಿಹ್ನೆಸಹಿತ ಸೂಚಿಸುತ್ತದೆ ಎಂದು ಸ್ಪಷ್ಟಪಡಿಸುವುದು ಅಗತ್ಯ. ಪ್ರವಣತೆ ಎಂಬ ಪದವೂ ಇದೇ ಅರ್ಥದಲ್ಲಿ ಬಳಕೆಯಲ್ಲಿದೆ.

ಇಳಿಜಾರಿನ ಅರ್ಥ

ಒಂದು ಸರಳರೇಖೆಯ ಮೇಲಿನ ಎರಡು ಬಿಂದುಗಳು (ಕ್ಷ₁, ಯ₁) ಮತ್ತು (ಕ್ಷ₂, ಯ₂) ಆಗಿದ್ದರೆ,

ಮ = (ಯ₂ − ಯ₁) ÷ (ಕ್ಷ₂ − ಕ್ಷ₁)

ಅಂದರೆ, ಇಳಿಜಾರು ಎಂಬುದು ಲಂಬ ಬದಲಾವಣೆಯನ್ನು ಅಡ್ಡ ಬದಲಾವಣೆಯಿಂದ ಭಾಗಿಸಿದಾಗ ದೊರೆಯುವ ಅನುಪಾತ. ನದಿಯ ಘಾಟಿನ ಪ್ರತಿ ಮೆಟ್ಟಿಲು 15 ಸೆಂ.ಮೀ. ಎತ್ತರ ಮತ್ತು 30 ಸೆಂ.ಮೀ. ಅಗಲವಿದ್ದರೆ ಅದರ ಇಳಿಜಾರು 15 ÷ 30 = 0.5. ಒಂದು ಮೆಟ್ಟಿಲನ್ನು ಅಳೆದರೂ ಹತ್ತು ಮೆಟ್ಟಿಲುಗಳನ್ನು ಒಟ್ಟಿಗೆ ಅಳೆದರೂ ಉತ್ತರ ಒಂದೇ. ಏಕೆಂದರೆ ಹತ್ತು ಮೆಟ್ಟಿಲುಗಳಲ್ಲಿ ಎತ್ತರ ಮತ್ತು ಅಗಲ ಎರಡೂ ಹತ್ತು ಪಟ್ಟಾಗುತ್ತವೆ, ಅವುಗಳ ಅನುಪಾತ ಮಾತ್ರ ಬದಲಾಗುವುದಿಲ್ಲ. ಯಾವ ಎರಡು ಬಿಂದುಗಳನ್ನು ಆರಿಸಿಕೊಂಡರೂ ಇಳಿಜಾರು ಒಂದೇ ಆಗಿರುವುದು ಸರಳರೇಖೆಯ ಮೂಲಲಕ್ಷಣವಾಗಿದೆ.

ಈ ಲಕ್ಷಣವಿಲ್ಲದ ಸಂದರ್ಭವನ್ನು ಕೃಷ್ಣಾ ನದಿಯಲ್ಲೇ ಕಾಣಬಹುದು. ಮಹಾಬಲೇಶ್ವರದ ಬಳಿ ಸುಮಾರು 1,337 ಮೀಟರ್ ಎತ್ತರದಲ್ಲಿ ಹುಟ್ಟುವ ನದಿಯು ಸುಮಾರು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಈ ಲೆಕ್ಕದಂತೆ ಸರಾಸರಿ ಇಳಿತವು ಪ್ರತಿ ಕಿಲೋಮೀಟರಿಗೆ 1 ಮೀಟರಿಗಿಂತ ಸ್ವಲ್ಪ ಕಡಿಮೆ. ಆದರೆ ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟವು ಸಮುದ್ರಮಟ್ಟದಿಂದ 519.6 ಮೀಟರ್. ಹುಟ್ಟಿದಲ್ಲಿಂದ ಆಲಮಟ್ಟಿಗೆ ಬರುವಷ್ಟರಲ್ಲಿಯೇ ನದಿಯು 817 ಮೀಟರಿಗೂ ಹೆಚ್ಚು, ಅಂದರೆ ಒಟ್ಟು ಇಳಿತದ ಶೇ. 60ಕ್ಕಿಂತ ಹೆಚ್ಚು ಭಾಗವನ್ನು ಇಳಿದಿರುತ್ತದೆ. ಕ್ರಮಿಸಿದ ದೂರವಾದರೋ ಒಟ್ಟು ಉದ್ದದ ಅರ್ಧಕ್ಕಿಂತ ಕಡಿಮೆ. ಸಹ್ಯಾದ್ರಿಯಲ್ಲಿ ಕಡಿದಾಗಿ ಇಳಿಯುವ ನದಿಯು ಬಯಲಿನಲ್ಲಿ ನಿಧಾನವಾಗಿ ಹರಿಯುವುದರಿಂದ ಅದರ ಪಾತ್ರದ ನಕ್ಷೆಯು ಸರಳರೇಖೆಯಲ್ಲ. ಸರಾಸರಿ ಇಳಿಜಾರನ್ನು ಎಲ್ಲಾ ಬಿಂದುಗಳಲ್ಲಿರುವ ಇಳಿಜಾರೆಂದು ಭಾವಿಸಬಾರದು ಎಂಬುದಕ್ಕೆ ಇದು ಉತ್ತಮ ನಿದರ್ಶನವಾಗಿದೆ.

ಅಡ್ಡ ರೇಖೆಯಲ್ಲಿ ಲಂಬ ಬದಲಾವಣೆಯೇ ಇಲ್ಲದಿರುವುದರಿಂದ ಅದರ ಇಳಿಜಾರು 0. ಲಂಬ ರೇಖೆಯಲ್ಲಿ ಅಡ್ಡ ಬದಲಾವಣೆ 0 ಆಗುತ್ತದೆ. ಸೊನ್ನೆಯಿಂದ ಭಾಗಿಸಲು ಬಾರದ ಕಾರಣ ಅದರ ಇಳಿಜಾರನ್ನು ವ್ಯಾಖ್ಯಾನಿಸಲಾಗದು.

ಸಮೀಕರಣದ ರೂಪಗಳು

ಒಂದೇ ಸರಳರೇಖೆಯನ್ನು ಹಲವು ರೂಪಗಳಲ್ಲಿ ಬರೆಯಬಹುದು.

ಇಳಿಜಾರು-ಅಂತಃಛೇದ ರೂಪ: ಯ = ಮ × ಕ್ಷ + ಸ. ಇಲ್ಲಿ ಸ ಎಂಬುದು ರೇಖೆಯು ಲಂಬ ಅಕ್ಷವನ್ನು ಛೇದಿಸುವ ಎತ್ತರ, ಅಂದರೆ ಕ್ಷ = 0 ಆದಾಗ ಯ ಪಡೆಯುವ ಬೆಲೆ.

ಬಿಂದು-ಇಳಿಜಾರು ರೂಪ: ಯ − ಯ₁ = ಮ × (ಕ್ಷ − ಕ್ಷ₁). ಒಂದು ಬಿಂದು ಮತ್ತು ಬದಲಾವಣೆಯ ದರ ತಿಳಿದಿದ್ದಾಗ ಇದು ಅನುಕೂಲಕರ.

ಸಾಮಾನ್ಯ ರೂಪ: ಅ × ಕ್ಷ + ಬ × ಯ + ಕ = 0. ಇದರಲ್ಲಿ ಬ ಸೊನ್ನೆಯಾಗಿಲ್ಲದಿದ್ದರೆ ಇಳಿಜಾರು −ಅ ÷ ಬ ಆಗುತ್ತದೆ.

ಸ = 0 ಆದಾಗ ಸಂಬಂಧವು ಯ = ಮ × ಕ್ಷ ಆಗಿ ನೇರ ಅನುಪಾತವಾಗುತ್ತದೆ. ತ್ರೈರಾಶಿಕದಿಂದ ಬಿಡಿಸುವ ಲೆಕ್ಕಗಳೆಲ್ಲವೂ ಈ ವಿಶೇಷ ಪ್ರಕಾರಕ್ಕೆ ಸೇರಿದವು. ಸ ಸೊನ್ನೆಯಲ್ಲದಿದ್ದಾಗ ತ್ರೈರಾಶಿಕ ಅನ್ವಯಿಸುವುದಿಲ್ಲ. ಕ್ಷ ಇಮ್ಮಡಿಯಾದ ಮಾತ್ರಕ್ಕೆ ಯ ಇಮ್ಮಡಿಯಾಗದು.

ಪಠ್ಯಕ್ರಮದಲ್ಲಿ ಸ್ಥಾನ

ಎನ್‌ಸಿಇಆರ್‌ಟಿ ಪಠ್ಯಗಳನ್ನು ಆಧರಿಸಿದ ಪಠ್ಯಕ್ರಮದಲ್ಲಿ 8ನೇ ತರಗತಿಯಲ್ಲಿ ಒಂದು ಚರಾಕ್ಷರದ ರೇಖಾತ್ಮಕ ಸಮೀಕರಣಗಳು, 9ನೇ ತರಗತಿಯಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳು, 10ನೇ ತರಗತಿಯಲ್ಲಿ ಅಂತಹ ಸಮೀಕರಣಗಳ ಜೋಡಿಗಳು ಬೋಧನೆಯಾಗುತ್ತವೆ. ಜೋಡಿಗಳನ್ನು ನಕ್ಷೆಯ ವಿಧಾನ, ಆದೇಶ ವಿಧಾನ ಮತ್ತು ವರ್ಜಿಸುವ ವಿಧಾನಗಳಿಂದ ಬಿಡಿಸಲಾಗುತ್ತದೆ. ಇಳಿಜಾರಿನ ವಿಧಿವತ್ತಾದ ವ್ಯಾಖ್ಯಾನವು ಬರುವುದು ಪ್ರಥಮ ಪಿಯುಸಿಯ ಸರಳರೇಖೆಗಳ ಅಧ್ಯಾಯದಲ್ಲಿ. ಅಲ್ಲಿ ರೇಖೆಯು ಅಡ್ಡ ಅಕ್ಷದೊಂದಿಗೆ ಮಾಡುವ ಕೋನದ ಟ್ಯಾನ್ ಬೆಲೆಯಾಗಿ ಅದನ್ನು ಪರಿಚಯಿಸಲಾಗುತ್ತದೆ.

ಇದರಿಂದ ಒಂದು ಅಂತರ ಉಂಟಾಗುತ್ತದೆ. ಎಸ್‌ಎಸ್‌ಎಲ್‌ಸಿ ಬಳಿಕ ಗಣಿತವನ್ನು ಆರಿಸಿಕೊಳ್ಳದ ವಿದ್ಯಾರ್ಥಿಯು ರೇಖೆಗಳನ್ನು ಎಳೆಯಲು, ಸಮೀಕರಣಗಳನ್ನು ಬಿಡಿಸಲು ಕಲಿತಿದ್ದರೂ ಇಳಿಜಾರು ಎಂಬ ಹೆಸರನ್ನೇ ಗಣಿತ ತರಗತಿಯಲ್ಲಿ ಕೇಳದೆ ಶಾಲೆಯನ್ನು ಬಿಡುವ ಸಾಧ್ಯತೆಯಿದೆ. ಆದರೆ ಪರಿಕಲ್ಪನೆಯು ಬೇರೆ ಹೆಸರುಗಳಲ್ಲಿ ಮೊದಲೇ ಬಂದಿರುತ್ತದೆ. 9ನೇ ತರಗತಿಯ ವಿಜ್ಞಾನದಲ್ಲಿ ದೂರ-ಕಾಲ ನಕ್ಷೆಯ ಇಳಿಜಾರು ಜವವನ್ನು ಸೂಚಿಸುತ್ತದೆ. 10ನೇ ತರಗತಿಯ ಸಮಾಂತರ ಶ್ರೇಢಿಯಲ್ಲಿ ಸಾಮಾನ್ಯ ವ್ಯತ್ಯಾಸವು ಪದಗಳ ನಕ್ಷೆಯ ಇಳಿಜಾರೇ ಆಗಿದೆ. ತ್ರಿಕೋನಮಿತಿಯ ಟ್ಯಾನ್ ಅನುಪಾತವೂ ಎತ್ತರವನ್ನು ಅಡ್ಡ ದೂರದಿಂದ ಭಾಗಿಸಿದ್ದೇ. ಈ ಎಳೆಗಳನ್ನು ಶಿಕ್ಷಕರು ಒಟ್ಟುಗೂಡಿಸಿದರೆ ಹೊಸ ಅಧ್ಯಾಯವಿಲ್ಲದೆಯೂ ಇಳಿಜಾರಿನ ಅರ್ಥವನ್ನು ಪ್ರೌಢಶಾಲೆಯಲ್ಲಿಯೇ ಮೂಡಿಸಬಹುದು.

ಚಿಕ್ಕಪಡಸಲಗಿ ಪರಿಸರದ ಉದಾಹರಣೆಗಳು

ಬ್ಯಾರೇಜಿನ ನೀರಿನ ಮಟ್ಟ

ಚಿಕ್ಕಪಡಸಲಗಿಯು ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣಾ ತೀರದಲ್ಲಿರುವ ಗ್ರಾಮ. ಇಲ್ಲಿ ಸಿದ್ದು ನ್ಯಾಮಗೌಡ ಅವರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘದ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜನ್ನು ನಿರ್ಮಿಸಿದರು. ಇದು ‘ಶ್ರಮಬಿಂದು ಸಾಗರ’ ಎಂದು ಹೆಸರಾಗಿದೆ. ‘ಬ್ಯಾರೇಜ್ ಸಿದ್ದು’ ಎಂದೇ ಜನಪ್ರಿಯರಾದ ನ್ಯಾಮಗೌಡ ಅವರು 1991ರಲ್ಲಿ ಬಾಗಲಕೋಟೆ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು.

ಮಳೆಗಾಲದ ನೀರನ್ನು ಬೇಸಿಗೆಗಾಗಿ ಹಿಡಿದಿಡುವುದು ಇಂತಹ ಬ್ಯಾರೇಜಿನ ಉದ್ದೇಶ. ಒಳಹರಿವು ನಿಂತ ಬಳಿಕ ಪಂಪ್‌ಸೆಟ್‌ಗಳ ಬಳಕೆ ಮತ್ತು ಆವಿಯಾಗುವಿಕೆಯಿಂದ ಮಟ್ಟವು ಇಳಿಯುತ್ತಾ ಹೋಗುತ್ತದೆ. ಲೆಕ್ಕಕ್ಕಾಗಿ, ಆರಂಭದಲ್ಲಿ ಅಳತೆಪಟ್ಟಿಯಲ್ಲಿ ನೀರು 600 ಸೆಂ.ಮೀ. ಇದ್ದು ದಿನಕ್ಕೆ 4 ಸೆಂ.ಮೀ.ನಂತೆ ಇಳಿಯುತ್ತದೆ ಎಂದು ಭಾವಿಸಿದರೆ, ಕ್ಷ ದಿನಗಳ ಬಳಿಕ ಮಟ್ಟವು

ಯ = 600 − 4 × ಕ್ಷ

ಇಲ್ಲಿ ಇಳಿಜಾರು −4, ಅಂತಃಛೇದ 600. ಮಟ್ಟವು 120 ಸೆಂ.ಮೀ.ಗೆ ಇಳಿದಾಗ ಪಂಪುಗಳಿಗೆ ನೀರು ಎಟುಕದು ಎಂದಿಟ್ಟುಕೊಂಡರೆ 600 − 4 × ಕ್ಷ = 120 ಎಂಬ ಸಮೀಕರಣದಿಂದ ಕ್ಷ = 120 ದಿನಗಳು ಎಂದು ದೊರೆಯುತ್ತದೆ. ಬಳಕೆಯನ್ನು ಮಿತಗೊಳಿಸಿ ದಿನದ ಇಳಿತವನ್ನು 3 ಸೆಂ.ಮೀ.ಗೆ ತಂದರೆ ಅದೇ ನೀರು 160 ದಿನ ಬಾಳುತ್ತದೆ. ಅಂತಃಛೇದ ಹಾಗೆಯೇ ಇದ್ದು ಇಳಿಜಾರು ಮಾತ್ರ ಬದಲಾದರೆ ಆಗುವ ವ್ಯತ್ಯಾಸವನ್ನು ಈ ಲೆಕ್ಕ ತೋರಿಸುತ್ತದೆ. ರೇಖೆಯನ್ನು ಎಷ್ಟು ದೂರ ಬೇಕಾದರೂ ಎಳೆಯಬಹುದಾದರೂ 150 ದಿನಗಳ ಬಳಿಕ ಮೊದಲ ಸಮೀಕರಣವು ಋಣಾತ್ಮಕ ಮಟ್ಟವನ್ನು ಸೂಚಿಸುತ್ತದೆ. ವಾಸ್ತವದಲ್ಲಿ ಅದಕ್ಕೆ ಅರ್ಥವಿಲ್ಲ. ಆದ್ದರಿಂದ ಸಮೀಕರಣದೊಂದಿಗೆ ಅದು ಅನ್ವಯವಾಗುವ ವ್ಯಾಪ್ತಿಯನ್ನೂ ಹೇಳಬೇಕಾಗುತ್ತದೆ.

ಕಬ್ಬಿನ ದರ

ಕಬ್ಬು ಈ ತಾಲ್ಲೂಕುಗಳ ಪ್ರಮುಖ ವಾಣಿಜ್ಯ ಬೆಳೆ. ಕೇಂದ್ರ ಸರ್ಕಾರವು ಪ್ರತಿ ಹಂಗಾಮಿಗೆ ಪ್ರಕಟಿಸುವ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ, ಒಂದು ರೇಖಾತ್ಮಕ ಸಮೀಕರಣದ ರೂಪದಲ್ಲಿಯೇ ಇರುತ್ತದೆ. 2025-26ರ ಹಂಗಾಮಿಗೆ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ ₹355 ನಿಗದಿಯಾಯಿತು. ಇಳುವರಿಯು ಶೇ. 0.1ರಷ್ಟು ಹೆಚ್ಚಾದಂತೆಲ್ಲ ₹3.46 ಏರಿಕೆ, ಕಡಿಮೆಯಾದಂತೆಲ್ಲ ಅಷ್ಟೇ ಇಳಿಕೆ. ಆದರೆ ಇಳುವರಿ ಶೇ. 9.5ಕ್ಕಿಂತ ಕಡಿಮೆಯಿರುವ ಕಾರ್ಖಾನೆಗಳಿಗೆ ಇನ್ನಷ್ಟು ಕಡಿತವಿಲ್ಲದೆ ₹329.05 ದರ ಅನ್ವಯಿಸುತ್ತದೆ.

ಇಳುವರಿಯ ಶೇಕಡಾ ಪ್ರಮಾಣವನ್ನು ಕ್ಷ, ಕ್ವಿಂಟಲ್ ದರವನ್ನು ಯ ಎಂದಿಟ್ಟುಕೊಂಡರೆ, ಶೇ. 0.1ಕ್ಕೆ ₹3.46 ಎಂದರೆ ಶೇ. 1ಕ್ಕೆ ₹34.60. ಆದ್ದರಿಂದ ಕ್ಷ 9.5 ಅಥವಾ ಹೆಚ್ಚಿರುವಾಗ

ಯ − 355 = 34.6 × (ಕ್ಷ − 10.25)

ಇದು ಬಿಂದು-ಇಳಿಜಾರು ರೂಪ. ಇದನ್ನು ಬಿಡಿಸಿ ಬರೆದರೆ ಯ = 34.6 × ಕ್ಷ + 0.35. ಇದರಿಂದ ದೊರೆಯುವ ಬೆಲೆಗಳು ಹೀಗಿವೆ:

ಇಳುವರಿ ಶೇ. 9.0: ₹329.05
ಇಳುವರಿ ಶೇ. 9.5: ₹329.05
ಇಳುವರಿ ಶೇ. 10.0: ₹346.35
ಇಳುವರಿ ಶೇ. 10.5: ₹363.65
ಇಳುವರಿ ಶೇ. 11.0: ₹380.95
ಇಳುವರಿ ಶೇ. 11.5: ₹398.25

ಶೇ. 9.5ರಿಂದ ಮುಂದೆ ಪ್ರತಿ ಅರ್ಧ ಶೇಕಡಾ ಏರಿಕೆಗೆ ₹17.30 ಹೆಚ್ಚುತ್ತದೆ. 17.30 ÷ 0.5 = 34.6. ಕೋಷ್ಟಕದ ಸಮನಾದ ಹೆಚ್ಚಳ, ನಕ್ಷೆಯ ಓರೆ ಮತ್ತು ಸಮೀಕರಣದ ಸಹಗುಣಕಗಳು ಒಂದೇ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಶೇ. 9.5ಕ್ಕಿಂತ ಕೆಳಗೆ ನಕ್ಷೆಯು ಅಡ್ಡ ರೇಖೆಯಾಗುತ್ತದೆ, ಅಲ್ಲಿ ಇಳಿಜಾರು 0. ಹೀಗೆ ಸರ್ಕಾರದ ದರನಿಯಮವು ಎರಡು ರೇಖೆಗಳನ್ನು ಜೋಡಿಸಿದ ನಕ್ಷೆಯಾಗಿದೆ.

ಈ ಉದಾಹರಣೆಯಿಂದ ಮೂರು ಅಂಶಗಳನ್ನು ಕಲಿಸಬಹುದು. ಮೊದಲನೆಯದು, ಇಳಿಜಾರಿನ ಬೆಲೆ ಮಾನವನ್ನು ಅವಲಂಬಿಸಿದೆ. ಶೇ. 0.1ಕ್ಕೆ ಕ್ವಿಂಟಲ್ ಲೆಕ್ಕದಲ್ಲಿ 3.46, ಶೇ. 1ಕ್ಕೆ 34.6, ಶೇ. 1ಕ್ಕೆ ಟನ್ ಲೆಕ್ಕದಲ್ಲಿ 346. ಸಂಖ್ಯೆಗಳು ಬೇರೆಯಾದರೂ ದರ ಒಂದೇ. ಮಾನವನ್ನು ಹೇಳದೆ ಇಳಿಜಾರನ್ನು ಹೇಳಿದರೆ ಅದು ಅಪೂರ್ಣ.

ಎರಡನೆಯದು, ಅಂತಃಛೇದಕ್ಕೆ ಯಾವಾಗಲೂ ವ್ಯಾವಹಾರಿಕ ಅರ್ಥ ಇರಬೇಕೆಂದಿಲ್ಲ. ಇಲ್ಲಿನ 0.35 ಎಂಬುದು ಇಳುವರಿ ಸೊನ್ನೆಯಾದಾಗಿನ ದರವಲ್ಲ, ಏಕೆಂದರೆ ಸಮೀಕರಣವು ಅಲ್ಲಿ ಅನ್ವಯಿಸುವುದೇ ಇಲ್ಲ.

ಮೂರನೆಯದು, ಎರಡು ವರ್ಷಗಳ ರೇಖೆಗಳ ಹೋಲಿಕೆ. 2024-25ರಲ್ಲಿ ಶೇ. 10.25ಕ್ಕೆ ₹340 ಹಾಗೂ ಶೇ. 0.1ಕ್ಕೆ ₹3.32 ಇತ್ತು. ಆಗಿನ ಇಳಿಜಾರು 33.2. ಎರಡೂ ವರ್ಷಗಳ ದರಗಳ ಅಂತರ ಶೇ. 10.25ರಲ್ಲಿ ₹15 ಆಗಿದ್ದರೆ, ಶೇ. 11.5ರಲ್ಲಿ ₹16.75 ಆಗುತ್ತದೆ. ಇಳಿಜಾರುಗಳು ಬೇರೆಯಾಗಿರುವುದರಿಂದ ರೇಖೆಗಳು ಸಮಾಂತರವಾಗಿಲ್ಲ, ಇಳುವರಿ ಹೆಚ್ಚಿದಂತೆ ಅವುಗಳ ನಡುವಿನ ಅಂತರವೂ ಹೆಚ್ಚುತ್ತದೆ.

ಎಫ್‌ಆರ್‌ಪಿಯು ಕಾರ್ಖಾನೆಯ ಬಾಗಿಲಿಗೆ ತಲುಪಿದ ಕಬ್ಬಿನ ದರ. ಕಟಾವು ಮತ್ತು ಸಾಗಾಣಿಕೆ ವೆಚ್ಚವನ್ನು ಅದರಿಂದ ಕಳೆದ ಬಳಿಕ ಉಳಿದದ್ದು ರೈತನ ಕೈಸೇರುತ್ತದೆ. ಆ ವೆಚ್ಚವು ಟನ್‌ಗೆ ₹850 ಎಂದು ಲೆಕ್ಕಕ್ಕಾಗಿ ಹಿಡಿದರೆ, ಟನ್‌ಗೆ ದೊರೆಯುವ ನಿವ್ವಳ ಮೊತ್ತ ಯ = 346 × ಕ್ಷ + 3.5 − 850. ಇದು ಮೂಲ ರೇಖೆಗೆ ಸಮಾಂತರವಾಗಿ ₹850ರಷ್ಟು ಕೆಳಗಿರುವ ರೇಖೆ. ಶೇ. 11ರ ಇಳುವರಿಯಲ್ಲಿ ₹3,809.50ರ ಬದಲು ₹2,959.50 ದೊರೆಯುತ್ತದೆ. ಕಡಿತವು ರೇಖೆಯ ಇಳಿಜಾರನ್ನು ಬದಲಿಸುವುದಿಲ್ಲ, ಅದರ ಸ್ಥಾನವನ್ನು ಮಾತ್ರ ಬದಲಿಸುತ್ತದೆ.

ಇಳುವರಿಯ ಲೆಕ್ಕದಲ್ಲಿ ಶೇ. 0.5ರ ವ್ಯತ್ಯಾಸವಾದರೆ ಟನ್‌ಗೆ ₹173, 100 ಟನ್ ಸಾಗಿಸಿದ ಕುಟುಂಬಕ್ಕೆ ₹17,300 ವ್ಯತ್ಯಾಸವಾಗುತ್ತದೆ. ಈ ಇಳುವರಿಯು ಒಬ್ಬೊಬ್ಬ ರೈತನ ಕಬ್ಬಿನದ್ದಾಗಿರದೆ ಕಾರ್ಖಾನೆಯ ಒಟ್ಟು ಇಳುವರಿಯಾಗಿರುತ್ತದೆ. ಕೃಷ್ಣಾ ತೀರದಲ್ಲಿ ಕಬ್ಬಿನ ದರವು ಹಂಗಾಮಿನ ಆರಂಭದಲ್ಲಿ ಚರ್ಚೆ ಮತ್ತು ಹೋರಾಟದ ವಿಷಯವಾಗುವುದು ಸಾಮಾನ್ಯ. ಅಂತಹ ಚರ್ಚೆಯಲ್ಲಿ ಇಳುವರಿ, ದರ ಮತ್ತು ಕಡಿತಗಳನ್ನು ಬೇರ್ಪಡಿಸಿ ನೋಡುವುದಕ್ಕೆ ಬೇಕಾದ ಗಣಿತವು 9ನೇ ತರಗತಿಯ ಮಟ್ಟವನ್ನು ಮೀರುವುದಿಲ್ಲ.

ನೇಕಾರನ ಕೂಲಿ ಮತ್ತು ಸಮೀಕರಣಗಳ ಜೋಡಿ

ರಬಕವಿ-ಬನಹಟ್ಟಿಯು ಸೀರೆ ನೇಯ್ಗೆಗೆ ಹೆಸರಾದ ಅವಳಿ ಪಟ್ಟಣ. ಮಗ್ಗದ ಕೂಲಿಯನ್ನು ಸೀರೆಗಳ ಸಂಖ್ಯೆಯ ಮೇಲೆ ಲೆಕ್ಕ ಹಾಕುವಾಗ ಸಮೀಕರಣಗಳ ಜೋಡಿಯನ್ನು ಸಹಜವಾಗಿ ಪರಿಚಯಿಸಬಹುದು. ಒಬ್ಬ ನೇಕಾರನ ಮುಂದೆ ಎರಡು ಆಯ್ಕೆಗಳಿವೆ ಎಂದು ಭಾವಿಸಬೇಕು. ಒಂದರಲ್ಲಿ ವಾರಕ್ಕೆ ₹1,200 ನಿಶ್ಚಿತ ಮೊತ್ತ ಹಾಗೂ ಸೀರೆಗೆ ₹80, ಮತ್ತೊಂದರಲ್ಲಿ ನಿಶ್ಚಿತ ಮೊತ್ತವಿಲ್ಲದೆ ಸೀರೆಗೆ ₹140. ಈ ಅಂಕಿಗಳು ಲೆಕ್ಕಕ್ಕಾಗಿ ಕಲ್ಪಿಸಿದವು.

ಯ = 80 × ಕ್ಷ + 1200
ಯ = 140 × ಕ್ಷ

ಎರಡೂ ಸಮವಾಗುವುದು 60 × ಕ್ಷ = 1200, ಅಂದರೆ ಕ್ಷ = 20 ಆದಾಗ. 20 ಸೀರೆಗಳಿಗೆ ಎರಡರಲ್ಲೂ ₹2,800. ಅದಕ್ಕಿಂತ ಕಡಿಮೆ ನೇಯುವವರಿಗೆ ಮೊದಲನೆಯದು, ಹೆಚ್ಚು ನೇಯುವವರಿಗೆ ಎರಡನೆಯದು ಲಾಭಕರ. ಮೊದಲ ರೇಖೆ ಎತ್ತರದಿಂದ ಆರಂಭವಾಗುತ್ತದೆ, ಎರಡನೆಯದು ಹೆಚ್ಚು ಕಡಿದಾಗಿ ಏರುತ್ತದೆ. ‘ಮೇಲಿರುವ ರೇಖೆ’ ಮತ್ತು ‘ಹೆಚ್ಚು ಇಳಿಜಾರಿನ ರೇಖೆ’ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

10ನೇ ತರಗತಿಯಲ್ಲಿ ಕಂಠಪಾಠ ಮಾಡುವ ಸಹಗುಣಕಗಳ ಅನುಪಾತದ ನಿಯಮವೂ ಇಳಿಜಾರಿನ ಹೋಲಿಕೆಯೇ ಆಗಿದೆ. ಅ₁ ÷ ಅ₂ ಮತ್ತು ಬ₁ ÷ ಬ₂ ಬೇರೆ ಬೇರೆಯಾಗಿದ್ದರೆ ಎರಡು ರೇಖೆಗಳ ಓರೆ ಬೇರೆ ಬೇರೆ ಎಂದರ್ಥ. ಅವು ಒಂದು ಬಿಂದುವಿನಲ್ಲಿ ಛೇದಿಸುತ್ತವೆ ಮತ್ತು ಒಂದೇ ಪರಿಹಾರವಿರುತ್ತದೆ. ಈ ಎರಡು ಅನುಪಾತಗಳು ಸಮನಾಗಿದ್ದು ಕ₁ ÷ ಕ₂ ಮಾತ್ರ ಬೇರೆಯಾಗಿದ್ದರೆ ಓರೆ ಒಂದೇ, ಸ್ಥಾನ ಬೇರೆ. ರೇಖೆಗಳು ಸಮಾಂತರವಾಗಿದ್ದು ಪರಿಹಾರವಿರುವುದಿಲ್ಲ. ಮೂರೂ ಅನುಪಾತಗಳು ಸಮನಾಗಿದ್ದರೆ ಎರಡೂ ಒಂದೇ ರೇಖೆಯಾಗಿ ಅಪರಿಮಿತ ಪರಿಹಾರಗಳಿರುತ್ತವೆ. ಇಳಿಜಾರನ್ನು ಅರಿತ ವಿದ್ಯಾರ್ಥಿಯು ಈ ನಿಯಮವನ್ನು ಮರೆತರೂ ತಾನೇ ಮತ್ತೆ ಕಂಡುಕೊಳ್ಳಬಲ್ಲನು.

ಸಾಮಾನ್ಯ ತಪ್ಪುಗಳು

ಅನುಪಾತವನ್ನು ತಿರುಗುಮುರುಗು ಮಾಡುವುದು: ಅಡ್ಡ ಬದಲಾವಣೆಯನ್ನು ಲಂಬ ಬದಲಾವಣೆಯಿಂದ ಭಾಗಿಸುವ ತಪ್ಪು. ‘ಒಂದು ದಿನಕ್ಕೆ ಎಷ್ಟು ಸೆಂಟಿಮೀಟರ್’, ‘ಒಂದು ಸೀರೆಗೆ ಎಷ್ಟು ರೂಪಾಯಿ’ ಎಂಬ ಪ್ರಶ್ನೆಯಿಂದ ಆರಂಭಿಸಿದರೆ ಛೇದದಲ್ಲಿ ಯಾವುದು ಬರಬೇಕೆಂಬುದು ತಾನಾಗಿ ತಿಳಿಯುತ್ತದೆ.

ಬಿಂದುಗಳ ಕ್ರಮವನ್ನು ಬದಲಿಸುವುದು: ಅಂಶದಲ್ಲಿ ಎರಡನೆಯ ಬಿಂದುವಿನಿಂದ ಮೊದಲನೆಯದನ್ನು, ಛೇದದಲ್ಲಿ ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಚಿಹ್ನೆ ತಪ್ಪಾಗುತ್ತದೆ. ರೇಖೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಮೊದಲೇ ಗಮನಿಸುವುದು ಇದಕ್ಕೆ ತಾಳೆನೋಡುವ ಕ್ರಮವಾಗಿದೆ.

ಎತ್ತರವನ್ನು ಇಳಿಜಾರೆಂದು ಭ್ರಮಿಸುವುದು: ಜಲಾಶಯದಲ್ಲಿ ನೀರು ಎಷ್ಟಿದೆ ಎಂಬುದೂ ಎಷ್ಟು ವೇಗವಾಗಿ ಇಳಿಯುತ್ತಿದೆ ಎಂಬುದೂ ಬೇರೆ ಬೇರೆ ಪ್ರಶ್ನೆಗಳು.

ಪ್ರಮಾಣವನ್ನು ಗಮನಿಸದಿರುವುದು: ಲಂಬ ಅಕ್ಷದಲ್ಲಿ ಒಂದು ಚೌಕಕ್ಕೆ ₹10 ತೆಗೆದುಕೊಂಡರೆ ಕಡಿದಾಗಿ ಕಾಣುವ ರೇಖೆಯು, ₹100 ತೆಗೆದುಕೊಂಡರೆ ಮಟ್ಟಸವಾಗಿ ಕಾಣುತ್ತದೆ. ಇಳಿಜಾರನ್ನು ಕಣ್ಣಂದಾಜಿನಿಂದಲ್ಲದೆ ಅಕ್ಷಗಳ ಅಂಕಿಗಳಿಂದ ಓದಬೇಕು.

ಎಲ್ಲವನ್ನೂ ನೇರ ಅನುಪಾತವೆಂದು ಭಾವಿಸುವುದು: ಮೇಲಿನ ಮೊದಲ ಕೂಲಿ ಪದ್ಧತಿಯಲ್ಲಿ 10 ಸೀರೆಗೆ ₹2,000 ಆದರೆ 20 ಸೀರೆಗೆ ₹4,000 ಎಂದು ಬರೆಯುವುದು ಈ ಬಗೆಯ ತಪ್ಪು. ಸರಿಯಾದ ಉತ್ತರ ₹2,800.

ಸೊನ್ನೆ ಇಳಿಜಾರು ಮತ್ತು ವ್ಯಾಖ್ಯಾನಿಸಲಾಗದ ಇಳಿಜಾರನ್ನು ಒಂದೇ ಎನ್ನುವುದು: ಸಮತಟ್ಟಾದ ಗದ್ದೆಗೆ ಇಳಿಜಾರಿದೆ, ಅದರ ಬೆಲೆ 0. ನೆಟ್ಟಗೆ ನಿಂತ ಗೋಡೆಗೆ ಅಂತಹ ಬೆಲೆಯನ್ನೇ ಕೊಡಲಾಗದು.

ಬೋಧನಾ ಕ್ರಮ

ಸೂತ್ರದಿಂದ ಆರಂಭಿಸದೆ ಸನ್ನಿವೇಶದಿಂದ ಸೂತ್ರದ ಕಡೆಗೆ ಸಾಗುವ ಕ್ರಮವು ಕೆಳಗಿನಂತೆ ಇರಬಹುದು.

ಮೊದಲು, ಪರಿಚಿತ ಸನ್ನಿವೇಶವೊಂದನ್ನು ಮಾತಿನಲ್ಲಿ ಹೇಳಿಸಿ ಬದಲಾಗುವ ಎರಡು ಪರಿಮಾಣಗಳನ್ನು ಗುರುತಿಸಬೇಕು. ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದು ಇಲ್ಲಿ ನಿರ್ಧಾರವಾಗುತ್ತದೆ.

ಎರಡನೆಯದಾಗಿ, ಕೋಷ್ಟಕವನ್ನು ರಚಿಸಿ ಅನುಕ್ರಮ ಬೆಲೆಗಳ ವ್ಯತ್ಯಾಸವನ್ನು ಪಕ್ಕದಲ್ಲಿ ಬರೆಯಿಸಬೇಕು. ಅಡ್ಡ ಬೆಲೆಗಳ ಅಂತರ ಸಮನಾಗಿದ್ದು ವ್ಯತ್ಯಾಸಗಳೂ ಸಮನಾಗಿದ್ದರೆ ಸಂಬಂಧವು ರೇಖಾತ್ಮಕ.

ಮೂರನೆಯದಾಗಿ, ನಕ್ಷಾಹಾಳೆಯಲ್ಲಿ ಬಿಂದುಗಳನ್ನು ಗುರುತಿಸಿ ರೇಖೆಯ ಕೆಳಗೆ ಲಂಬಕೋನ ತ್ರಿಭುಜಗಳನ್ನು ಎಳೆಯಿಸಬೇಕು. ಚಿಕ್ಕ ಮತ್ತು ದೊಡ್ಡ ತ್ರಿಭುಜಗಳು ಸಮರೂಪವಾಗಿರುವುದರಿಂದ ಬಾಹುಗಳ ಅನುಪಾತ ಒಂದೇ ಆಗಿರುತ್ತದೆ. ಇಳಿಜಾರು ಆಯ್ದ ಬಿಂದುಗಳನ್ನು ಅವಲಂಬಿಸದಿರುವುದಕ್ಕೆ ಇದೇ ಕಾರಣ.

ನಾಲ್ಕನೆಯದಾಗಿ, ಮಾತಿನ ವಾಕ್ಯವನ್ನು ಸಮೀಕರಣವಾಗಿ ಬರೆದು ಸಹಗುಣಕವನ್ನು ಕೋಷ್ಟಕದ ವ್ಯತ್ಯಾಸದೊಂದಿಗೂ ನಕ್ಷೆಯ ಅನುಪಾತದೊಂದಿಗೂ ಹೋಲಿಸಬೇಕು. ಬಳಿಕ ಹಿಮ್ಮುಖವಾಗಿ, ಸಮೀಕರಣವನ್ನು ಕೊಟ್ಟು ಅದಕ್ಕೆ ಹೊಂದುವ ಸನ್ನಿವೇಶವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸುವುದು ತಿಳಿವಳಿಕೆಯ ನಿಜವಾದ ಪರೀಕ್ಷೆಯಾಗಿದೆ.

ಕೊನೆಯದಾಗಿ, ಸಂಬಂಧವು ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂದು ಚರ್ಚಿಸಬೇಕು. ಬ್ಯಾರೇಜು ಬರಿದಾದ ದಿನ, ಶೇ. 9.5ಕ್ಕಿಂತ ಕಡಿಮೆ ಇಳುವರಿ, ಬಯಲಿಗಿಳಿದ ನದಿ ಇವೆಲ್ಲವೂ ಒಂದು ರೇಖೆ ಮುಗಿದು ಬೇರೊಂದು ನಿಯಮ ಆರಂಭವಾಗುವ ತಾಣಗಳು.

ಹೊಲದಲ್ಲಿಯೇ ಮಾಡಬಹುದಾದ ಚಟುವಟಿಕೆಗಳೂ ಇವೆ. ಎರಡು ಗೂಟಗಳ ನಡುವೆ ಹಗ್ಗ ಕಟ್ಟಿ, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ನೋಡಿ ನೆಲದ ಇಳಿತವನ್ನು ಅಳೆಯಬಹುದು. 100 ಮೀಟರಿನಲ್ಲಿ 20 ಸೆಂ.ಮೀ. ಇಳಿತವಿದ್ದರೆ ಇಳಿಜಾರಿನ ಪರಿಮಾಣ 0.20 ÷ 100 = 0.002, ಅಂದರೆ ಶೇ. 0.2. ಅತಿಯಾದ ನೀರಾವರಿಯಿಂದ ಸವುಳು-ಜವುಳಾದ ಭೂಮಿಯಲ್ಲಿ ಬಸಿಗಾಲುವೆ ತೋಡಲು ಇದೇ ಲೆಕ್ಕ ಬೇಕಾಗುತ್ತದೆ.

ಇತಿಹಾಸ

ರೇಖಾತ್ಮಕ ಸಮೀಕರಣಗಳನ್ನು ಬಿಡಿಸುವ ಪರಂಪರೆಯು ಕನ್ನಡ ನಾಡಿನಲ್ಲಿ ಪ್ರಾಚೀನವಾದುದು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರಲ್ಲಿನ ಒಂದು ಸಮಸ್ಯೆಯಂತೆ 9 ಮಾದಳ ಹಣ್ಣು ಮತ್ತು 7 ಬೇಲದ ಹಣ್ಣುಗಳ ಬೆಲೆ 107, 7 ಮಾದಳ ಮತ್ತು 9 ಬೇಲದ ಹಣ್ಣುಗಳ ಬೆಲೆ 101. ಎರಡನ್ನೂ ಕೂಡಿಸಿದರೆ 16 ಜೋಡಿಗಳಿಗೆ 208, ಆದ್ದರಿಂದ ಒಂದು ಮಾದಳ ಮತ್ತು ಒಂದು ಬೇಲಕ್ಕೆ 13. ಕಳೆದರೆ ಎರಡು ವ್ಯತ್ಯಾಸಗಳಿಗೆ 6, ಆದ್ದರಿಂದ ಬೆಲೆಗಳ ವ್ಯತ್ಯಾಸ 3. ಮಾದಳಕ್ಕೆ 8, ಬೇಲಕ್ಕೆ 5. ಇಂದಿನ ನಕ್ಷೆಯಲ್ಲಿ ಮಾದಳದ ಬೆಲೆಯನ್ನು ಅಡ್ಡ ಅಕ್ಷದಲ್ಲಿ ತೆಗೆದುಕೊಂಡರೆ, ಇವು −9/7 ಮತ್ತು −7/9 ಇಳಿಜಾರುಗಳ ಎರಡು ರೇಖೆಗಳಾಗಿ (8, 5) ಬಿಂದುವಿನಲ್ಲಿ ಛೇದಿಸುತ್ತವೆ.

12ನೇ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಅದೇ ಶತಮಾನದ ಭಾಸ್ಕರಾಚಾರ್ಯನು ‘ಬೀಜಗಣಿತ’ದಲ್ಲಿ ಹಲವು ಅವ್ಯಕ್ತಗಳಿಗೆ ಕಾಲಕ, ನೀಲಕ, ಪೀತಕ ಮುಂತಾದ ಬಣ್ಣಗಳ ಹೆಸರುಗಳನ್ನು ಬಳಸಿದ್ದಾನೆ. ಆತನ ಊರಾದ ವಿಜ್ಜಡವಿಡವನ್ನು ಕೆಲವು ವಿದ್ವಾಂಸರು ವಿಜಯಪುರ ಭಾಗದೊಂದಿಗೆ ಗುರುತಿಸಿದ್ದಾರೆ. ಅದು ಮಹಾರಾಷ್ಟ್ರದಲ್ಲಿತ್ತೆಂಬ ಅಭಿಪ್ರಾಯವೂ ಇದೆ.

ಸಮೀಕರಣವನ್ನು ರೇಖೆಯಾಗಿ ಕಾಣುವ ವಿಧಾನವು ಬಂದದ್ದು ಅನಂತರ. ಫ್ರಾನ್ಸಿನ ರೆನೆ ಡೆಕಾರ್ಟೆಯು 1637ರಲ್ಲಿ ಪ್ರಕಟಿಸಿದ ‘ಲಾ ಜಿಯೊಮೆತ್ರಿ’ ಹಾಗೂ ಪಿಯರ್ ದ ಫರ್ಮಾನ ಬರಹಗಳು ಬೀಜಗಣಿತ ಮತ್ತು ರೇಖಾಗಣಿತಗಳನ್ನು ಒಂದುಗೂಡಿಸಿದವು. ಈ ಜೋಡಣೆಯಿಂದಲೇ ಬದಲಾವಣೆಯ ದರವನ್ನು ರೇಖೆಯ ಇಳಿಜಾರಾಗಿ ನೋಡುವುದು ಸಾಧ್ಯವಾಯಿತು. ವಕ್ರರೇಖೆಯ ಪ್ರತಿ ಬಿಂದುವಿನಲ್ಲಿ ಇಳಿಜಾರನ್ನು ಕಂಡುಹಿಡಿಯುವ ಪ್ರಶ್ನೆಯು ಮುಂದೆ ಕಲನಶಾಸ್ತ್ರದ ಬೆಳವಣಿಗೆಗೆ ಕಾರಣವಾಯಿತು. ಹೀಗಾಗಿ ಪ್ರೌಢಶಾಲೆಯಲ್ಲಿ ಕಲಿತ ಇಳಿಜಾರು ಪಿಯುಸಿಯ ಅವಕಲನಕ್ಕೆ ಮೊದಲ ಮೆಟ್ಟಿಲಾಗಿದೆ.